ಐ3-5005ಯು ಮತ್ತು ಸೆಲೆರಾನ್ ಎನ್4020: ಆಲ್ದೂರಿನ ಎರಡು ಲ್ಯಾಪ್‌ಟಾಪ್ ಬಿಚ್ಚಿ, ಅಳೆದು, ಒಂದನ್ನು ಯುಪಿಎಸ್ ಬ್ಯಾಟರಿಗೆ ಕಟ್ಟಿದ್ದು

ಮೇ ತಿಂಗಳ ಕೊನೆಯ ಭಾನುವಾರ ಚಿಕ್ಕಮಗಳೂರು ಸೀಮೆಯ ಆಲ್ದೂರಿನ ಕಾಫಿ ತೋಟದಿಂದ ಬಂದ ಭಾವ ಎರಡು ಲ್ಯಾಪ್‌ಟಾಪ್ ತಂದು ನನ್ನ ಮೇಜಿನ ಮೇಲಿಟ್ಟರು. ಒಂದು ಗೋಣಿಚೀಲದೊಳಗೆ, ಇನ್ನೊಂದು ಅಕ್ಕನ ಮಗಳ ಹಳೇ ಸ್ಕೂಲ್ ಬ್ಯಾಗಿನೊಳಗೆ.

“ಎರಡರಲ್ಲಿ ಯಾವುದು ಜೋರು ಅಂತ ನೋಡಿ ಹೇಳು ಮಾರಾಯ. ಜೋರಿರೋದನ್ನ ತೋಟದ ಆಫೀಸಿಗೆ ಇಡ್ತೀನಿ. ರೈಟರಿಗೆ ಸಾಕಾಗಿ ಹೋಗಿದೆ. ಬಟವಾಡೆ ದಿನ ಚೆಕ್‌ರೋಲ್ ಫೈಲಿಗೆ ಕ್ಲಿಕ್ ಮಾಡಿ ಒಂದು ಲೋಟ ಕಾಫಿ ಕುಡ್ದು ಬಂದ್ರೂ ತೆರೆದಿರಲ್ಲ.” ರೈಟರು ಅಂದರೆ ತೋಟದ ಗುಮಾಸ್ತರು, ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಮತ್ತು ಕೂಲಿಯ ಲೆಕ್ಕ.

“ಸ್ಟಿಕ್ಕರ್ ನೋಡಿದ್ರೆ ಒಂದರ ಪ್ರೊಸೆಸರ್ ಐ3, ಇನ್ನೊಂದರದ್ದು ಸೆಲೆರಾನ್. ನಿಮಗೇನನ್ನಿಸುತ್ತೆ ಭಾವ?”

“ಐ3ನೇ ಜೋರಿರ್ಬೇಕು. ಆದ್ರೆ ಹಳೇದು. ಅದಕ್ಕೇ ನಿನ್ನ ಹತ್ರ ತಂದಿದ್ದು.”

ಉತ್ತರ ಹೇಳೋಕೆ ಮೂರು ವಾರ ಹಿಡಿಯಿತು. ಅದರಲ್ಲಿ ಒಂದು ವಾರ ಪೂರ್ತಿ ನನ್ನದೇ ತಪ್ಪಿನಿಂದ ಹಾಳಾಯಿತು. ಅದನ್ನೂ ಬರೆದಿಡುತ್ತೇನೆ, ಇನ್ನೊಬ್ಬರಿಗೆ ಒಂದು ವಾರ ಉಳಿಯಲಿ.

ಮೊದಲು ಕಾಗದದ ಲೆಕ್ಕ. ಇಂಟೆಲ್‌ನ ಕೋರ್ ಐ3-5005ಯು 2015ರ ಆರಂಭದ ಚಿಪ್, ಬ್ರಾಡ್‌ವೆಲ್ ಪೀಳಿಗೆ. ಎರಡು ಕೋರ್, ನಾಲ್ಕು ಥ್ರೆಡ್, 3 ಎಂಬಿ ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ನೆನಪು), 15 ವ್ಯಾಟ್. ವೇಗ 2.0 ಗಿಗಾಹರ್ಟ್ಸ್, ಅಷ್ಟೇ. ಬೇಕಾದಾಗ ವೇಗ ಏರಿಸುವ ಟರ್ಬೋ ಇದಕ್ಕಿಲ್ಲ, ಹಬ್ಬಕ್ಕೂ ಅದೇ ಅನ್ನ, ವಾರದ ದಿನಕ್ಕೂ ಅದೇ ಅನ್ನ. ಸೆಲೆರಾನ್ ಎನ್4020 ಬಂದಿದ್ದು 2019ರ ಕೊನೆಗೆ. ಜೆಮಿನಿ ಲೇಕ್ ರಿಫ್ರೆಶ್ ಅಂತಾರೆ, ಇಂಟೆಲ್‌ನ ಕಡಿಮೆ ವಿದ್ಯುತ್ತಿನ ಹಳೇ ಆಟಮ್ ಚಿಪ್ಪುಗಳ ವಂಶ. ಎರಡು ಕೋರ್, ಎರಡೇ ಥ್ರೆಡ್, 4 ಎಂಬಿ ಕ್ಯಾಶ್, 6 ವ್ಯಾಟ್. ಮೂಲ ವೇಗ 1.1 ಗಿಗಾಹರ್ಟ್ಸ್, ಬೇಕಾದಾಗ 2.8ಕ್ಕೆ ಜಿಗಿಯುತ್ತದೆ. ಐದು ವರ್ಷ ಅಂತರವಿದ್ದರೂ ಎರಡೂ 14 ನ್ಯಾನೋಮೀಟರ್ ಚಿಪ್ಪುಗಳೇ.

ನಾಲ್ಕು ಥ್ರೆಡ್ ಅಂದರೆ ನಾಲ್ಕು ಕೋರ್ ಅಂದುಕೊಳ್ಳುವವರಿದ್ದಾರೆ. ಕೋರ್ ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಆಳು, ಥ್ರೆಡ್ ಅಂದರೆ ಅವನಿಗೆ ವಹಿಸಿದ ಸಾಲು. ಕಾಫಿ ಕೊಯ್ಯುವ ಆಳಿಗೆ ಸೊಂಟಕ್ಕೊಂದು ಬುಟ್ಟಿಯ ಬದಲು ಎರಡು ಕಟ್ಟಿ ಎರಡು ಸಾಲು ವಹಿಸಿದ ಹಾಗೆ ಅದು. ಈ ಸಾಲಿನ ಗಿಡದಲ್ಲಿ ಹಣ್ಣು ಹುಡುಕುತ್ತಾ ನಿಲ್ಲುವ ಹೊತ್ತಿಗೆ ಆ ಸಾಲಿಗೆ ಕೈ ಹಾಕಬಹುದು. ಸಂಜೆ ತೂಕಕ್ಕೆ ಒಂದಿಷ್ಟು ಹೆಚ್ಚೇ ಬರುತ್ತದೆ, ಇಬ್ಬರ ಕೊಯ್ಲು ಮಾತ್ರ ಬರುವುದಿಲ್ಲ.

ಬಿಚ್ಚಿದ್ದು

ಐ3 ಲ್ಯಾಪ್‌ಟಾಪ್ ಎರಡು ಮಳೆಗಾಲ ಅಟ್ಟದ ಮೇಲೆ ಕಳೆದಿತ್ತು. ಮುಚ್ಚಳದ ಮೇಲೆ ಬೂಷ್ಟು ಬೂದಿ ಬಳಿದ ಹಾಗೆ ಹಿಡಿದಿತ್ತು. ನೆಟ್‌ವರ್ಕ್ ಕೇಬಲ್ ಹಾಕುವ ತೂತು ಇರಬೇಕಾದ ಕಡೆ ಒಣಗಿದ ಕೆಂಪು ಮಣ್ಣಿನ ಒಂದು ಗುಬುಟು. ಮೊದಲು ಕೆಸರು ಅಂದುಕೊಂಡೆ. ಟೂತ್‌ಪಿಕ್ಕಿನಲ್ಲಿ ಕೆರೆದಾಗ ಪುಡಿಪುಡಿಯಾಗಿ ಉದುರಿತು, ಒಳಗೆ ನಯವಾದ ಕೊಳವೆ, ಕೊಳವೆಯ ತುದಿಯಲ್ಲಿ ಒಣಗಿ ಗರಿಗರಿಯಾದ ಮೂರು ಸಣ್ಣ ಜೇಡ. ಕುಂಬಾರ ಹುಳ ಗೂಡು ಕಟ್ಟಿ, ಮರಿಗೆ ಬುತ್ತಿ ಇಟ್ಟು ಹೋಗಿತ್ತು. ಮರಿ ತಿಂದಂತಿಲ್ಲ. ಎಂಟು ಪಿನ್ನುಗಳಲ್ಲಿ ಎರಡು ಹಸಿರು ತಿರುಗಿವೆ. ವೈಫೈ ಇದೆಯಲ್ಲ ಅಂತ ಅದನ್ನು ಹಾಗೇ ಬಿಟ್ಟೆ.

ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲೆತ್ತಿತ್ತು. ಚುಚ್ಚದೆ, ಬಗ್ಗಿಸದೆ ತೆಗೆದು ಅಂಗಳದಲ್ಲಿ ಮಣ್ಣಿನ ಕುಂಡದೊಳಗಿಟ್ಟೆ. ಇಂಥದ್ದನ್ನು ಮನೆಯೊಳಗೆ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ.

ಫ್ಯಾನಿನ ಬಾಯಿಗೂ ಹೀಟ್‌ಸಿಂಕಿನ ರೆಕ್ಕೆಗಳಿಗೂ ನಡುವೆ ಕಂಬಳಿ ತುಂಡಿನಂಥ ಧೂಳಿನ ಪದರ, ಚಿಮಟದಲ್ಲಿ ಎಳೆದರೆ ಒಂದೇ ಹಾಳೆಯಾಗಿ ಬಂತು. ಚಿಪ್ಪಿನ ಮೇಲಿನ ಪೇಸ್ಟು ಸುಣ್ಣದ ಚಕ್ಕೆಯಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹೊಸ ಪೇಸ್ಟು ಹಚ್ಚಿದೆ. ಈ ಚಿಪ್ಪಿನ ಪಕ್ಕದಲ್ಲೇ ಅದರ ಜೊತೆಗಾರ ಚಿಪ್ಪಿನ ಸಣ್ಣ ತುಣುಕೂ ಇದೆ, ಒರೆಸುವಾಗ ಸುತ್ತಲಿನ ಪುಟಾಣಿ ಕೆಪ್ಯಾಸಿಟರುಗಳಿಗೆ ಬಟ್ಟೆಯ ನೂಲು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಕೀಬೋರ್ಡಿನ ರಿಬ್ಬನ್ ಬಿಡಿಸುವಾಗ ಲ್ಯಾಚು ಪಟ್ ಅಂತ ಮುರಿಯಿತು. ತಪ್ಪು ನನ್ನದೇ. ಮೇಲಕ್ಕೆ ಎತ್ತುವ ಲ್ಯಾಚನ್ನು ಮುಂದಕ್ಕೆ ಎಳೆದಿದ್ದೆ. ಎಂ.ಜಿ. ರಸ್ತೆಯಿಂದ ಹಳದಿ ಬಣ್ಣದ ಶಾಖ ತಡೆಯುವ ಟೇಪು ತಂದು, ಕ್ಯಾಲೆಂಡರಿನ ದಪ್ಪ ಹಾಳೆಯ ಒಂದು ಪಟ್ಟಿಯನ್ನು ರಿಬ್ಬನ್ನಿನ ಬೆನ್ನಿಗೆ ಒತ್ತುಕೊಟ್ಟು ತುರುಕಿ, ಮೇಲೆ ಟೇಪು ಎಳೆದೆ. ಅಷ್ಟೂ ಕೀಗಳು ಕೆಲಸ ಮಾಡುತ್ತಿವೆ. ಎಷ್ಟು ದಿನ ಅಂತ ಕೇಳಬೇಡಿ.

ಸೆಲೆರಾನ್ ಬಿಚ್ಚುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಫ್ಯಾನೇ ಇಲ್ಲ. ಚಿಪ್ಪಿನ ಮೇಲೊಂದು ತೆಳು ಲೋಹದ ತಗಡು, ಅಷ್ಟೇ. 4 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, 64 ಜಿಬಿಯ ಇಎಂಎಂಸಿ ಸಂಗ್ರಹವೂ ಅಷ್ಟೇ. ತೆಗೆಯುವಂತಿಲ್ಲ, ಹಾಕುವಂತಿಲ್ಲ. ಲಾಕ್‌ಡೌನಿನಲ್ಲಿ ಅಕ್ಕನ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ಕೊಂಡದ್ದು. ಒಳಗೆ ಧೂಳಿನ ಸುಳಿವೇ ಇಲ್ಲ, ಗಾಳಿ ಎಳೆದುಕೊಳ್ಳದ ಯಂತ್ರಕ್ಕೆ ಧೂಳು ಎಲ್ಲಿಂದ ಬರಬೇಕು?

ಹೋಲಿಕೆಗೆ ಮೊದಲು ಸಮ ಮಾಡಿದ್ದು

ಇದ್ದದ್ದು ಇದ್ದಂತೆ ಓಡಿಸಿದರೆ ಅಳತೆಗೆ ಸಿಗುವುದು ಪ್ರೊಸೆಸರ್ ಅಲ್ಲ, ಡಿಸ್ಕು. ಐ3ಯಲ್ಲಿ ಕಟಕಟ ಎನ್ನುವ 5400 ಆರ್‌ಪಿಎಂ ಹಾರ್ಡ್ ಡಿಸ್ಕ್. ಸೆಲೆರಾನಿನಲ್ಲಿ ವಿಂಡೋಸ್ ತನ್ನ ಅಪ್‌ಡೇಟುಗಳಿಂದಲೇ ತುಂಬಿಸಿಟ್ಟ ಇಎಂಎಂಸಿ, ಖಾಲಿ ಇದ್ದದ್ದು 3 ಜಿಬಿಯೂ ಇಲ್ಲ. ರೈಟರು ಕಾಫಿ ಕುಡಿದು ಬರುತ್ತಿದ್ದದ್ದು ಈ ಕಾರಣಕ್ಕೆ.

ಹಾಗಾಗಿ ಒಂದು 240 ಜಿಬಿ ಎಸ್‌ಎಸ್‌ಡಿಯನ್ನು ಯುಎಸ್‌ಬಿ 3.0 ಡಬ್ಬಿಗೆ ಹಾಕಿ, ಅದರಲ್ಲಿ ಲಿನಕ್ಸ್ ಮಿಂಟ್‌ನ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿ ಕೂರಿಸಿ, ಅದೇ ಡಬ್ಬಿಯಿಂದ ಎರಡನ್ನೂ ಬೂಟ್ ಮಾಡಿದೆ. ಐ3ಯ ಎರಡು ರ‍್ಯಾಮ್ ಕಡ್ಡಿಗಳಲ್ಲಿ ಒಂದನ್ನು ಕಿತ್ತು 4 ಜಿಬಿಗೆ ಇಳಿಸಿದೆ. ರ‍್ಯಾಮಿನ ಜಾತಿ ಮಾತ್ರ ಬೇರೆ, ಡಿಡಿಆರ್3ಎಲ್ ಒಂದು ಕಡೆ, ಡಿಡಿಆರ್4 ಇನ್ನೊಂದು ಕಡೆ, ಅದನ್ನೇನೂ ಮಾಡುವಂತಿಲ್ಲ. ಪರದೆ ಬೆಳಕು ಅರ್ಧ. ಸೆಲೆರಾನಿನ ಬ್ಯಾಟರಿ ಪೂರ್ತಿ ತುಂಬಿದ ಮೇಲೇ ಅಳತೆ, ಇಲ್ಲದಿದ್ದರೆ ಚಾರ್ಜ್ ಆಗುವ ವ್ಯಾಟುಗಳೂ ಅದರ ಲೆಕ್ಕಕ್ಕೆ ಸೇರುತ್ತವೆ. ಗೋಡೆಯ ಸಾಕೆಟ್ಟಿಗೂ ಅಡಾಪ್ಟರಿಗೂ ನಡುವೆ ವ್ಯಾಟ್ ತೋರಿಸುವ ಮೀಟರು. ಪ್ರತಿ ಕೆಲಸ ಮೂರು ಸಲ, ನಡುವಿನ ಅಂಕಿ ಬರೆದುಕೊಂಡೆ.

ವಿಂಡೋಸನ್ನು ಯಾಕೆ ಬಿಟ್ಟೆ ಅಂದರೆ, ಐ3-5005ಯು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎನ್4020 ಪಟ್ಟಿಯಲ್ಲಿದೆ. ಆದರೆ ವಿಂಡೋಸ್ 11 ಕೇಳುವ ಕನಿಷ್ಠವೇ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಹೊಸ್ತಿಲು ದಾಟಲು ಟಿಕೆಟ್ ಇದೆ, ಒಳಗೆ ಕೂರಲು ಜಾಗವಿಲ್ಲ.

ಹಾಳಾದ ವಾರ

ಕೆಲಸಗಳನ್ನು ತೋಟದಿಂದಲೇ ಆರಿಸಿದ್ದೆ. ಒಂದು, ಏಳು ವರ್ಷದ ಚೆಕ್‌ರೋಲ್ ಇರುವ ದೊಡ್ಡ ಲಿಬ್ರೆಆಫೀಸ್ ಫೈಲು ತೆರೆಯುವುದು. ಎರಡು, ತೋಟದ ಕಡತಗಳ ಫೋಲ್ಡರನ್ನು 7-ಜಿಪ್‌ನಲ್ಲಿ ಕುಗ್ಗಿಸುವುದು. ಮೂರು, ಅಚ್ಚಾದ ಕನ್ನಡದ 20 ಪುಟಗಳ ಸ್ಕ್ಯಾನನ್ನು ಚಿತ್ರದಲ್ಲಿನ ಬರಹ ಓದುವ ಟೆಸೆರಾಕ್ಟ್ ತಂತ್ರಾಂಶದಿಂದ ಅಕ್ಷರಕ್ಕಿಳಿಸುವುದು. ನಾಲ್ಕು, ಯೂಟ್ಯೂಬ್.

ಮೊದಲ ದಿನವೇ ಐ3 ಕುಗ್ಗಿಸುವುದಕ್ಕೆ 24 ನಿಮಿಷ ತೆಗೆದುಕೊಂಡಿತು. ಸೆಲೆರಾನ್ ಎಂಟು ಚಿಲ್ಲರೆ ನಿಮಿಷದಲ್ಲಿ ಮುಗಿಸಿತ್ತು. ಭಾವನಿಗೆ ಫೋನ್ ಮಾಡಿ “ನಿಮ್ಮ ಐ3 ಗುಜರಿಗೇ ಸರಿ” ಅಂತ ಹೇಳಿಯೂಬಿಟ್ಟೆ. ಪೇಸ್ಟು ಸರಿಯಾಗಿ ಹಚ್ಚಿಲ್ಲವೇನೋ ಅಂತ ಎರಡು ಸಲ ಮತ್ತೆ ಬಿಚ್ಚಿ ಹಚ್ಚಿದೆ. ಅದೇ 24 ನಿಮಿಷ. ವಿಚಿತ್ರವೆಂದರೆ ಮುಟ್ಟಿ ನೋಡಿದರೆ ತಣ್ಣಗೆ, ಫ್ಯಾನಿನ ಸದ್ದೇ ಇಲ್ಲ. ಬಿಸಿಯಾಗದ ಯಂತ್ರ ನಿಧಾನವಾಗಿದೆ ಎಂದರೆ ಬಿಸಿಯ ಕಾರಣ ಅಲ್ಲ ಎಂಬುದು ಹೊಳೆಯಲು ನನಗೆ ಐದು ದಿನ ಬೇಕಾಯಿತು.

ಕೋರುಗಳ ವೇಗ ತೋರಿಸುವ ಟರ್ಬೋಸ್ಟ್ಯಾಟ್ ಓಡಿಸಿ ನೋಡಿದರೆ ಎರಡೂ ಕೋರ್ 500 ಮೆಗಾಹರ್ಟ್ಸ್‌ನಲ್ಲಿ ಮಲಗಿವೆ. ಮೂಲ ಚಾರ್ಜರು ಕಳೆದುಹೋಗಿದ್ದರಿಂದ ನನ್ನ ಪೆಟ್ಟಿಗೆಯಲ್ಲಿದ್ದ 19.5 ವೋಲ್ಟಿನ ಬದಲಿ ಚಾರ್ಜರು ಹಾಕಿದ್ದೆ. ವೋಲ್ಟೇಜು ಸರಿ, ಪಿನ್ನೂ ಸರಿ. ಆದರೆ ಈ ಲ್ಯಾಪ್‌ಟಾಪಿನ ಪಿನ್ನಿನ ನಟ್ಟನಡುವೆ ಸೂಜಿಯಂಥ ಮೂರನೆಯ ತಂತಿ ಇದೆ, ಚಾರ್ಜರು ಅದರ ಮೂಲಕ ತನ್ನ ಗುರುತು ಹೇಳಬೇಕು. ನನ್ನ ಬದಲಿ ಚಾರ್ಜರಿಗೆ ಬಾಯಿಲ್ಲ. ಗುರುತು ಸಿಗದಿದ್ದರೆ ಮದರ್‌ಬೋರ್ಡು ಹೆದರಿಕೊಂಡು, “ಬಿಸಿಯಾಗಿದೆ, ನಿಧಾನಿಸು” ಎನ್ನುವ ಸಂಕೇತವನ್ನೇ ಪ್ರೊಸೆಸರಿಗೆ ಕಳಿಸುತ್ತದೆ. ಬ್ಯಾಟರಿಯೂ ಇಲ್ಲದ್ದರಿಂದ ಇನ್ನಷ್ಟು ಹೆದರಿಕೆ. ಗುರುತು ಹೇಳಬಲ್ಲ ಚಾರ್ಜರೊಂದನ್ನು ಗೆಳೆಯನಿಂದ ಎರವಲು ತಂದು ಹಾಕಿದ ಕ್ಷಣ 2.0ಕ್ಕೆ ಏರಿತು, ಫ್ಯಾನು ಉಸಿರೆಳೆಯಿತು. ಗುಜರಿ ಮಾತನ್ನು ಫೋನಿನಲ್ಲಿ ವಾಪಸು ತೆಗೆದುಕೊಂಡೆ. “ನಾನೂ ಹಾಗೇ ಅಂದ್ಕೊಂಡೆ” ಅಂದರು ಭಾವ. ಅವರು ಹಾಗೆ ಅಂದುಕೊಂಡಿರಲಿಲ್ಲ.

ಸರಿಯಾದ ಅಂಕಿಗಳು

ಚೆಕ್‌ರೋಲ್ ಫೈಲು: ಐ3 ಹನ್ನೊಂದು ಸೆಕೆಂಡು, ಸೆಲೆರಾನ್ ಹನ್ನೆರಡೂವರೆ. ಈ ಕೆಲಸ ಹೆಚ್ಚುಕಮ್ಮಿ ಒಂದೇ ಕೋರಿನ ಮೇಲೆ ನಡೆಯುತ್ತದೆ. ಬ್ರಾಡ್‌ವೆಲ್ ಒಂದೊಂದು ಹೆಜ್ಜೆಗೆ ಹೆಚ್ಚು ಕೆಲಸ ಮಾಡುತ್ತದೆ, ಸೆಲೆರಾನ್ ಸಣ್ಣ ಹೆಜ್ಜೆಯನ್ನು ಬೇಗ ಬೇಗ ಇಡುತ್ತದೆ. ಕೊನೆಗೆ ಇಬ್ಬರೂ ಒಟ್ಟೊಟ್ಟಿಗೇ ಮನೆ ಸೇರುತ್ತಾರೆ. ಸ್ಟಿಕ್ಕರಿನ ಮೇಲಿನ ಹೆಸರು ನೋಡಿ ನಾವು ಅಂದುಕೊಳ್ಳುವ ಅಂತರ ಇಲ್ಲಿ ಕಾಣಲಿಲ್ಲ.

ಕುಗ್ಗಿಸುವ ಕೆಲಸ ಬೇರೆ ಕಥೆ. ಐ3ಗೆ 6 ನಿಮಿಷ 10 ಸೆಕೆಂಡು, ಸೆಲೆರಾನಿಗೆ 8 ನಿಮಿಷ 20 ಸೆಕೆಂಡು. ಎರಡನೆಯ ಬುಟ್ಟಿ ಇಲ್ಲಿ ಉಪಯೋಗಕ್ಕೆ ಬಂತು. ಸೆಲೆರಾನ್ ಮೊದಲ ಅರ್ಧ ನಿಮಿಷ 2.8ರ ಆಸುಪಾಸು ಓಡಿ, ಆಮೇಲೆ 6 ವ್ಯಾಟಿನ ಮಿತಿ ಎಳೆದಂತೆ 2.2ಕ್ಕೆ ಇಳಿದು ಅಲ್ಲೇ ನಿಂತಿತು. ಐ3 ಆರು ನಿಮಿಷವೂ 2.0 ಬಿಟ್ಟು ಅಲುಗಾಡಲಿಲ್ಲ.

ಆದರೆ ಮೀಟರು ನೋಡಿ. ಐ3 ಆ ಹೊತ್ತಿನಲ್ಲಿ ಗೋಡೆಯಿಂದ ಎಳೆದದ್ದು 25 ವ್ಯಾಟ್, ಸೆಲೆರಾನ್ 12. ಹೊತ್ತಿನಿಂದ ಗುಣಿಸಿದರೆ ಅದೇ ಕೆಲಸಕ್ಕೆ ಐ3 ಸುಮಾರು 2.6 ವ್ಯಾಟ್‌ಗಂಟೆ ತಿಂದಿದೆ, ಸೆಲೆರಾನ್ 1.7. ಬೇಗ ಮುಗಿಸಿದವನ ಊಟವೇ ಹೆಚ್ಚು.

ನನಗೆ ಬಹಳ ಮಜಾ ಕೊಟ್ಟಿದ್ದು ಅಕ್ಷರಕ್ಕಿಳಿಸುವ ಪರೀಕ್ಷೆ. ಐ3 3 ನಿಮಿಷ 5 ಸೆಕೆಂಡು, ಸೆಲೆರಾನ್ 5 ನಿಮಿಷ 50 ಸೆಕೆಂಡು. ಅಂತರ ಇಷ್ಟು ಹಿಗ್ಗಲು ಎವಿಎಕ್ಸ್2 ಕಾರಣ. ಒಂದೇ ಆಜ್ಞೆಗೆ ಹಲವು ಅಂಕಿಗಳನ್ನು ಒಟ್ಟಿಗೆ ಗುಣಿಸುವ ಸವಲತ್ತು ಅದು, ಬ್ರಾಡ್‌ವೆಲ್‌ನಲ್ಲಿದೆ. ಎನ್4020ರಲ್ಲಿ ಎವಿಎಕ್ಸ್2 ಬಿಡಿ, ಮೊದಲ ಎವಿಎಕ್ಸೂ ಇಲ್ಲ. ಟೆಸೆರಾಕ್ಟ್ ಯಾವ ಚಿಪ್ಪಿನಲ್ಲಿ ಏನಿದೆ ಅಂತ ನೋಡಿಕೊಂಡು ಅದನ್ನೇ ಬಳಸುತ್ತದೆ. ಇಲ್ಲದಿದ್ದರೆ ಒಟ್ಟಿಗೆ ಕಡಿಮೆ ಅಂಕಿ ಹಿಡಿಯುವ ಹಳೇ ಎಸ್‌ಎಸ್‌ಇ ದಾರಿ ಹಿಡಿಯುತ್ತದೆ, ಕೆಲಸವಂತೂ ನಡೆಯುತ್ತದೆ. ಎವಿಎಕ್ಸ್ ಕಡ್ಡಾಯ ಎನ್ನುವ ತಂತ್ರಾಂಶಗಳಾದರೆ ಸೆಲೆರಾನಿನಲ್ಲಿ ತೆರೆಯುವುದೇ ಇಲ್ಲ. ಈ ಕೆಲಸದಲ್ಲಿ ವ್ಯಾಟ್‌ಗಂಟೆ ಲೆಕ್ಕ ಹಾಕಿದರೆ ಐ3 1.23, ಸೆಲೆರಾನ್ 1.17. ಸಮ ಅನ್ನಿ. 6 ವ್ಯಾಟಿನ ಚಿಪ್ಪು ಯಾವಾಗಲೂ ಮಿತವ್ಯಯಿ ಅಂತ ನಾನೂ ನಂಬಿದ್ದೆ, ಸರಿಯಾದ ಹತಾರ ಕೈಲಿದ್ದರೆ 15 ವ್ಯಾಟಿನವನೂ ಅದೇ ಖರ್ಚಿಗೆ ಅರ್ಧ ಹೊತ್ತಿನಲ್ಲಿ ಮುಗಿಸಿಕೊಡುತ್ತಾನೆ.

ಅಂದಹಾಗೆ ಭಾವನ ಅಪ್ಪ ಕೈಬರಹದಲ್ಲಿ ಬರೆದಿಟ್ಟ ಮಳೆ ಪುಸ್ತಕವನ್ನೂ ಹೀಗೇ ಅಕ್ಷರಕ್ಕಿಳಿಸಬಹುದಾ ಅಂತ ಅಕ್ಕ ಕೇಳಿದಳು. ಒಂದು ಪುಟ ಕೊಟ್ಟು ನೋಡಿದೆ. ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ), ಕಾಫಿ ಹೂ ಅರಳಿಸುವ ಹೂಮಳೆ ದಿನದ ಟಿಪ್ಪಣಿ ಎಲ್ಲ ಸೇರಿ ಮಂತ್ರದ ಹಾಗೆ ಏನೋ ಬಂತು. ಅದನ್ನು ಕೂತು ಟೈಪ್ ಮಾಡುವುದೇ ದಾರಿ.

ಯೂಟ್ಯೂಬಿನಲ್ಲಿ ಗಾಡಿ ತಿರುವುಮುರುವಾಯಿತು. ಅಲ್ಲಿ ವಿಡಿಯೊ ಹೆಚ್ಚಾಗಿ ವಿಪಿ9 ರೂಪದಲ್ಲಿ ಬರುತ್ತದೆ. ಎನ್4020ರ ಯುಎಚ್‌ಡಿ 600 ಗ್ರಾಫಿಕ್ಸಿನಲ್ಲಿ ಅದನ್ನು ಬಿಡಿಸಲೆಂದೇ ಯಂತ್ರಭಾಗ ಇದೆ, 8 ವ್ಯಾಟಿನಲ್ಲಿ 1080ಪಿ ನಿರಾಳವಾಗಿ ಓಡಿತು. ಐ3ಯ ಎಚ್‌ಡಿ 5500 ಆ ಕೆಲಸಕ್ಕೆ ಪೂರ್ತಿ ತಯಾರಾದದ್ದಲ್ಲ, ಭಾರವೆಲ್ಲ ಕೋರುಗಳ ಮೇಲೆ ಬಿದ್ದು 17 ವ್ಯಾಟ್ ಎಳೆಯಿತು, ಫ್ಯಾನು ಕೂಗಿತು. ಬ್ರೌಸರಿಗೆ ಐ3ಗೂ ಒಗ್ಗುವ ಎಚ್.264 ರೂಪ ಮಾತ್ರ ಕೇಳುವಂತೆ ಒಂದು ಎಕ್ಸ್‌ಟೆನ್ಶನ್ ಹಾಕಿದ ಮೇಲೆ 12ಕ್ಕೆ ಇಳಿಯಿತು.

ಇನ್ನು ಸುಮ್ಮನಿದ್ದಾಗ. ತೋಟದ ಆಫೀಸಿನ ಯಂತ್ರ ದಿನದ ಬಹುಪಾಲು ಸುಮ್ಮನೇ ಇರುತ್ತದೆ. ಐ3 9.5 ವ್ಯಾಟ್, ಸೆಲೆರಾನ್ 6, ಎರಡೂ ಪರದೆ ಸಮೇತ. ಎಂಟು ಗಂಟೆಗೆ 76 ವ್ಯಾಟ್‌ಗಂಟೆ, 48 ವ್ಯಾಟ್‌ಗಂಟೆ.

ಯಾರಿಗೆ ಯಾವುದು

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಅಂಕಿಗಳನ್ನೆಲ್ಲ ಬರೆದುಕೊಂಡು ಆಲ್ದೂರಿಗೆ ಹೋದೆ. ಜೋರಿರುವುದು ಐ3, ಅನುಮಾನವಿಲ್ಲ. ಆಫೀಸಿಗೆ ಇಡಬೇಕಾದ್ದು ಸೆಲೆರಾನ್ ಅಂದೆ. ಭಾವನ ಮುಖ ಸಪ್ಪಗಾಯಿತು.

ಅಲ್ಲಿ ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಎರಡು ಮೂರು ದಿನ ಬರದೇ ಇರುವುದುಂಟು. ಐ3ಗೆ ಬ್ಯಾಟರಿಯೇ ಇಲ್ಲ. ಮನೆಯಲ್ಲಿರುವುದು 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯ ಒಂದು ಯುಪಿಎಸ್. ಅದರ ಬ್ಯಾಟರಿ ತಂತಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ. ಒಂದೂ ಬಲ್ಬು ಉರಿಯದೆ, ಬರೀ ಆನ್ ಆಗಿದ್ದಕ್ಕೇ 1.3 ಆಂಪಿಯರ್. 16 ವ್ಯಾಟ್! ಸೆಲೆರಾನಿಗೆ ಬೇಕಾದ 6 ವ್ಯಾಟ್ ಕೊಡಲಿಕ್ಕೆ ಯುಪಿಎಸ್ ತಾನೇ 16 ಕುಡಿಯುತ್ತದೆ. ಇಲ್ಲಿ ನನ್ನ ಮೂರು ವಾರದ ಹೋಲಿಕೆಯೆಲ್ಲ ನೀರುಪಾಲು, ಯುಪಿಎಸ್ ಮೂಲಕ ಓಡಿಸುವುದಾದರೆ ಎರಡು ಪ್ರೊಸೆಸರುಗಳ ನಡುವಿನ ಮೂರೂವರೆ ವ್ಯಾಟ್ ಲೆಕ್ಕಕ್ಕೇ ಸಿಗುವುದಿಲ್ಲ.

ಸೆಲೆರಾನಿನ ಅಡಾಪ್ಟರು ತಿರುಗಿಸಿ ನೋಡಿದ್ದು ಆಗಲೇ. 12 ವೋಲ್ಟ್, 2 ಆಂಪಿಯರ್ ಅಂತ ಬರೆದಿದೆ. ಬ್ಯಾಟರಿಯೂ 12 ವೋಲ್ಟು. ನಡುವೆ 230ಕ್ಕೆ ಏರಿಸಿ ಮತ್ತೆ 12ಕ್ಕೆ ಇಳಿಸುವ ದೊಂಬರಾಟ ಯಾಕೆ?

ನೇರ ಕಟ್ಟುವಂತಿಲ್ಲ. ಸೀಸದ ಬ್ಯಾಟರಿ ಚಾರ್ಜಾಗುವಾಗ 14.4 ವೋಲ್ಟಿನವರೆಗೆ ಹೋಗುತ್ತದೆ, ಸುಸ್ತಾದಾಗ 11.5ಕ್ಕೆ ಇಳಿಯುತ್ತದೆ. ಅದಕ್ಕೆ ಏರಿಸುವುದು ಇಳಿಸುವುದು ಎರಡೂ ಬಲ್ಲ ಬಕ್-ಬೂಸ್ಟ್ ಮಾಡ್ಯೂಲು ಬೇಕು. ಒಂದನ್ನು ಜೊತೆಗೇ ಒಯ್ದಿದ್ದೆ. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಮೊದಲೇ ಮಲ್ಟಿಮೀಟರಿನಲ್ಲಿ ನೋಡುತ್ತಾ ಪುಟ್ಟ ಸ್ಕ್ರೂ ತಿರುಗಿಸಿ 12.0ಕ್ಕೆ ನಿಲ್ಲಿಸಿ, ಸ್ಕ್ರೂವಿನ ತಲೆಗೆ ಒಂದು ಹನಿ ಉಗುರುಬಣ್ಣ ಬಿಟ್ಟೆ, ಅಲುಗದಿರಲಿ ಅಂತ. ಉಗುರುಬಣ್ಣ ಅಕ್ಕನ ಮಗಳದು.

“ಮಾವ, ಅದು ಹೊಸದು.”

“ಒಂದು ಹನಿ ಸಾಕು ಪುಟ್ಟಿ.”

ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೇ 3 ಆಂಪಿಯರಿನ ಫ್ಯೂಸು. ಇದನ್ನು ಮಾಡ್ಯೂಲಿನ ಹತ್ತಿರ ಹಾಕುವವರನ್ನು ನೋಡಿದ್ದೇನೆ. ನಡುವಿನ ತಂತಿ ಎಲ್ಲಾದರೂ ಇಲಿ ಕಡಿದು ಒಂದಕ್ಕೊಂದು ತಾಗಿದರೆ ಆ ಫ್ಯೂಸು ಏನೂ ಮಾಡುವುದಿಲ್ಲ, 150 ಎಎಚ್ ಬ್ಯಾಟರಿ ತಂತಿಯನ್ನು ಕೆಂಪಗೆ ಕಾಯಿಸುತ್ತದೆ. ಯುಪಿಎಸ್‌ನಿಂದ ಆಫೀಸು ಮೇಜಿಗೆ ನಾಲ್ಕು ಮೀಟರು, 1.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಹೋಗಿ ಬರುವ ದಾರಿ ಸೇರಿ ಸುಮಾರು 0.1 ಓಮ್, 2 ಆಂಪಿಯರ್ ಹರಿದರೂ 0.2 ವೋಲ್ಟು ನಷ್ಟ, ಪರವಾಗಿಲ್ಲ. ಮಾಡ್ಯೂಲನ್ನು ಮೇಜಿನ ಕಡೆಗೇ ಇಟ್ಟಿದ್ದರಿಂದ ಆ ನಷ್ಟವನ್ನೂ ಅದೇ ತುಂಬಿಕೊಡುತ್ತದೆ. ಕೆಟ್ಟ ಅಡಾಪ್ಟರಿನ ವೈರು ಕತ್ತರಿಸಿ ಪಿನ್ನು ಪಡೆದೆ, ನಡುವೆ ಪ್ಲಸ್ಸೇ ಬರುತ್ತಿದೆಯಾ ಅಂತ ಎರಡೆರಡು ಸಲ ನೋಡಿದೆ.

ಯುಪಿಎಸ್ ಆಫ್ ಮಾಡಿ, ಬ್ಯಾಟರಿಯಿಂದ ನೇರ ಸೆಲೆರಾನ್ ಓಡಿಸಿ ಕ್ಲ್ಯಾಂಪ್ ಹಾಕಿದರೆ 0.46 ಆಂಪಿಯರ್. ರೈಟರು ಬಗ್ಗಿ ನೋಡಿ, “ಇಷ್ಟೇನಾ ಸಾರ್?” ಅಂದರು. ಇಷ್ಟೇ.

ಒಳಗಿನ ಇಎಂಎಂಸಿಯನ್ನು ಅಳಿಸಿ ಮಿಂಟ್ ಹಾಕಿದ ಮೇಲೆ 40 ಜಿಬಿಗಿಂತ ಹೆಚ್ಚು ಖಾಲಿ ಉಳಿದಿದೆ. 4 ಜಿಬಿ ರ‍್ಯಾಮಿಗೆ ಊರುಗೋಲಾಗಿ ಜೆಡ್‌ರ‍್ಯಾಮ್ ಚಾಲೂ ಮಾಡಿದೆ, ನೆನಪಿನಲ್ಲಿರುವುದನ್ನೇ ಮಡಚಿ ಕುಗ್ಗಿಸಿ ಜಾಗ ಮಾಡುತ್ತದೆ. ಚೆಕ್‌ರೋಲ್ ಈಗ ಹದಿನಾಲ್ಕು ಸೆಕೆಂಡಿಗೆ ತೆರೆಯುತ್ತದೆ.

ಐ3ಗೆ ಆ 240 ಜಿಬಿ ಎಸ್‌ಎಸ್‌ಡಿ, ಕಿತ್ತಿಟ್ಟ ರ‍್ಯಾಮ್ ಕಡ್ಡಿ ವಾಪಸು, 8 ಜಿಬಿ. ಪಿಯುಸಿ ಓದುತ್ತಿರುವ ಪುಟ್ಟಿಗೆ ಅದು. ಅವಳ ಹಾಸ್ಟೆಲಿನಲ್ಲಿ ಕರೆಂಟಿಗೆ ಬರವಿಲ್ಲ. ಗುರುತು ಹೇಳುವ ಚಾರ್ಜರು ಮಾತ್ರ ಹೊಸದು ಕೊಳ್ಳಬೇಕಾಯಿತು, ಗೆಳೆಯನದನ್ನು ಹಿಂದಿರುಗಿಸಿದೆ. ಬ್ಯಾಟರಿ ಇನ್ನೂ ಸಿಕ್ಕಿಲ್ಲ.

ಆರಿದ್ರಾ ಶುರುವಾದ ಎರಡನೇ ದಿನ ಭಾವನ ಫೋನು. ಬೆಳಗಿನ ಜಾವದಿಂದ ಕರೆಂಟಿಲ್ಲ, ಮಳೆ 3 ಇಂಚು 40 ಸೆಂಟ್ಸ್ ಅಂತ ರೈಟರು ಕಂಪ್ಯೂಟರಿಗೇ ಬರೆದಿದ್ದಾರೆ, ಬ್ಯಾಟರಿ 12.4 ತೋರಿಸುತ್ತಿದೆ. ಆದರೆ ಫ್ಯೂಸಿನ ಹೋಲ್ಡರಿನ ಸುತ್ತ ಹಸಿರು ಪುಡಿ ಕಾಣಿಸುತ್ತಿದೆಯಂತೆ. ಆಸಿಡ್ ಹಬೆಗೆ ಇಷ್ಟು ಹತ್ತಿರ ಅಗ್ಗದ ಹೋಲ್ಡರ್ ಹಾಕಿದ್ದು ನನ್ನ ಜಿಪುಣತನ. ಮುಚ್ಚಳ ಇರುವ ಹೋಲ್ಡರೂ ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿಯೂ ಬ್ಯಾಗಿಗೆ ಹಾಕಿದ್ದೇನೆ, ಭಾನುವಾರ ಮಳೆ ಬಿಟ್ಟರೆ ಹೋಗುವುದು.